ಅಣುವಿನ ಆಕಾರವನ್ನು ಅರಿತವರು: ಜಿ. ಎನ್. ರಾಮಚಂದ್ರನ್

ಬೆಂಗಳೂರಿನಲ್ಲಿ ಮಲ್ಲೇಶ್ವರಕ್ಕೂ ಯಶವಂತಪುರಕ್ಕೂ ನಡುವೆ, ದಟ್ಟವಾದ ಮರಗಳ ನೆರಳಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿಶಾಲವಾದ ಆವರಣವಿದೆ. ಹಳೆಯ ಬೆಂಗಳೂರಿನ ಜನ ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಅದರ ಆಚೆಗೆ ಪೀಣ್ಯದ ಕಾರ್ಖಾನೆಗಳು. ನಗರದ ಪೂರ್ವದ ಅಂಚಿನಲ್ಲಿ ವೈಟ್‌ಫೀಲ್ಡ್. ದಕ್ಷಿಣದಲ್ಲಿ ಹೊಸೂರು ರಸ್ತೆಯ ಬದಿಗೆ ಎಲೆಕ್ಟ್ರಾನಿಕ್ ಸಿಟಿ. ಒಂದು ಕಾಲಕ್ಕೆ ರಾಗಿಯ ಹೊಲಗಳೂ ತೋಪುಗಳೂ ಇದ್ದ ಈ ಹೊರವಲಯದಲ್ಲಿ ಈಗ ಯಂತ್ರಗಳನ್ನು ತಯಾರಿಸುವ ಮತ್ತು ಲೆಕ್ಕಾಚಾರದ ಕಾರ್ಯಕ್ರಮಗಳನ್ನು ಬರೆಯುವ ಜನರಷ್ಟೇ ಅಲ್ಲ, ಮನುಷ್ಯದೇಹದ ವಂಶವಾಹಿಗಳನ್ನು ಅಕ್ಷರ ಅಕ್ಷರವಾಗಿ ಓದುವ ಜನರೂ ಕೆಲಸ ಮಾಡುತ್ತಿದ್ದಾರೆ.

ರೋಗಿಯೊಬ್ಬನ ಚರ್ಮದ ಮೇಲೆ ಬೆಳೆದ ಗಂಟಿನ ಒಂದು ಚೂರು ಇಂತಹ ಪ್ರಯೋಗಶಾಲೆಗೆ ಬಂದರೆ, ಅದರಲ್ಲಿರುವ ವಂಶವಾಹಿಗಳ ಬರಹ ಎಲ್ಲಿ ತಪ್ಪಿದೆ ಎಂಬುದನ್ನು ಕೆಲವೇ ದಿನಗಳಲ್ಲಿ ಕಂಡುಹಿಡಿಯಬಹುದು. ಆದರೆ ಅಕ್ಷರಗಳನ್ನು ಓದಿದ ಮಾತ್ರಕ್ಕೆ ಅರ್ಥ ತಿಳಿಯುವುದಿಲ್ಲ. ಆ ತಪ್ಪಿನಿಂದ ದೇಹದೊಳಗೆ ಏನಾಯಿತು, ರೋಗ ಮುಂದೆ ಯಾವ ದಾರಿ ಹಿಡಿದೀತು, ಯಾವ ಔಷಧ ಫಲಿಸೀತು ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಅಕ್ಷರದಿಂದ ಆಕಾರಕ್ಕೆ ಹೋಗಬೇಕು. ಈ ಆಕಾರದ ನಿಯಮಗಳನ್ನು ಜಗತ್ತಿಗೆ ತಿಳಿಸಿಕೊಟ್ಟವರಲ್ಲಿ ಅಗ್ರಗಣ್ಯರು ಇದೇ ಬೆಂಗಳೂರಿನಲ್ಲಿ ಓದಿ, ಇದೇ ಬೆಂಗಳೂರಿನಲ್ಲಿ ಕಲಿಸಿದ ಜಿ. ಎನ್. ರಾಮಚಂದ್ರನ್ ಅವರು.

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರು 1922ರ ಅಕ್ಟೋಬರ್ 8ರಂದು ಈಗಿನ ಕೇರಳದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ತಾಯಿ ಲಕ್ಷ್ಮಿ ಅಮ್ಮಾಳ್. ಮನೆಯಲ್ಲಿ ಗಣಿತವೆಂದರೆ ಪರೀಕ್ಷೆಗಾಗಿ ಕಲಿಯುವ ಪಾಠವಾಗಿರಲಿಲ್ಲ. ಅದು ಊಟ ಉಪಚಾರಗಳಷ್ಟೇ ಸಹಜವಾದ ಮಾತುಕತೆಯ ವಿಷಯವಾಗಿತ್ತು. ತಂದೆ ಕೊಟ್ಟ ಲೆಕ್ಕಗಳನ್ನು ಬಿಡಿಸುತ್ತ, ರೇಖೆ ಕೋನಗಳ ಚೆಲುವನ್ನು ಸವಿಯುತ್ತ ಬಾಲಕ ಬೆಳೆದನು. ವಸ್ತುವಿನ ಆಕಾರವನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವ ಶಕ್ತಿ ಅವರಿಗೆ ಎಳವೆಯಲ್ಲಿಯೇ ಲಭಿಸಿತು. ಅವರ ಮುಂದಿನ ಎಲ್ಲ ಸಾಧನೆಗಳ ಬೇರು ಇಲ್ಲಿಯೇ ಇದೆ ಎನ್ನಬಹುದು.

ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಮುಗಿಸಿದ ಮಗನು ರೈಲ್ವೆಯ ಇಂಜಿನಿಯರಿಂಗ್ ಸೇವೆಗೆ ಸೇರಲಿ ಎಂಬುದು ತಂದೆಯ ಅಪೇಕ್ಷೆಯಾಗಿತ್ತು. ಆ ಕಾಲದಲ್ಲಿ ಅದು ಗೌರವದ, ಭದ್ರವಾದ ಉದ್ಯೋಗ. ಆದರೆ ಯುವಕನ ಮನಸ್ಸು ಅತ್ತ ಒಲಿಯಲಿಲ್ಲ. 1942ರಲ್ಲಿ ಅವರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಇಂಜಿನಿಯರಿಂಗ್ ವಿಭಾಗವನ್ನು ಸೇರಿದರು. ಆಗ ಅಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ಸರ್ ಸಿ. ವಿ. ರಾಮನ್. ಪ್ರತಿಭೆಯನ್ನು ಗುರುತಿಸುವುದರಲ್ಲಿ ರಾಮನ್ ಅವರದು ತೀಕ್ಷ್ಣವಾದ ಕಣ್ಣು. ಇಂತಹ ಹುಡುಗ ವಿದ್ಯುತ್ ವಿಭಾಗದಲ್ಲಿ ಇರತಕ್ಕವನಲ್ಲವೆಂದು ನಿಶ್ಚಯಿಸಿದ ಅವರು, ಆ ವಿಭಾಗದವರಿಗೆ ಹೇಳಿ ರಾಮಚಂದ್ರನ್ ಅವರನ್ನು ತಮ್ಮ ಬಳಿಗೆ ಕರೆಸಿಕೊಂಡರೆಂದು ಪ್ರತೀತಿ ಇದೆ. ಹೀಗೆ ವಿದ್ಯುತ್ ಇಂಜಿನಿಯರ್ ಆಗಬೇಕಾಗಿದ್ದವರು ಭೌತವಿಜ್ಞಾನಿಯಾದರು.

ರಾಮನ್ ಅವರ ಶಿಷ್ಯತ್ವದಲ್ಲಿ ಅವರು ಬೆಳಕು, ವಜ್ರ ಮತ್ತು ಇತರ ಸ್ಫಟಿಕಗಳ ಮೇಲೆ ಸಂಶೋಧನೆ ನಡೆಸಿ, 1947ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಸ್ಫಟಿಕದೊಳಗೆ ಪರಮಾಣುಗಳು ಸಾಲು ಸಾಲಾಗಿ ಕ್ರಮಬದ್ಧವಾಗಿ ನಿಂತಿರುತ್ತವೆ. ಅದರ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿದರೆ ಅವು ಚದುರಿ, ಛಾಯಾಚಿತ್ರದ ಹಾಳೆಯ ಮೇಲೆ ಚುಕ್ಕೆಗಳ ವಿನ್ಯಾಸವೊಂದು ಮೂಡುತ್ತದೆ. ಅಂಗಳದ ರಂಗೋಲಿಯ ಚುಕ್ಕೆಗಳನ್ನು ನೋಡಿ ಅದರ ಪೂರ್ಣ ಚಿತ್ರವನ್ನು ಊಹಿಸುವಂತೆ, ಈ ಚುಕ್ಕೆಗಳಿಂದ ಪರಮಾಣುಗಳ ಸ್ಥಾನವನ್ನು ಲೆಕ್ಕಹಾಕಬಹುದು. ಈ ವಿದ್ಯೆಯಲ್ಲಿ ಹೆಚ್ಚಿನ ಪರಿಶ್ರಮಕ್ಕಾಗಿ ಅವರು 1947ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿ, ಎರಡು ವರ್ಷಗಳಲ್ಲಿ ಅಲ್ಲಿಯೂ ಡಾಕ್ಟರೇಟ್ ಪಡೆದರು. ಲೈನಸ್ ಪಾಲಿಂಗ್ ಎಂಬ ಮಹಾವಿಜ್ಞಾನಿಯ ಉಪನ್ಯಾಸಗಳನ್ನು ಅವರು ಕೇಳಿದ್ದು ಅಲ್ಲಿಯೇ. ಜೀವಿಗಳ ಶರೀರದಲ್ಲಿರುವ ಅಣುಗಳ ಕಡೆಗೆ ಅವರ ಮನಸ್ಸು ಹರಿಯಲು ಇದೂ ಒಂದು ಕಾರಣವಾಗಿರಬೇಕು. 1949ರಲ್ಲಿ ಅವರು ಬೆಂಗಳೂರಿಗೆ ಹಿಂದಿರುಗಿ, ತಾವು ಓದಿದ ಸಂಸ್ಥೆಯಲ್ಲಿಯೇ ಅಧ್ಯಾಪಕರಾದರು.

1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಭೌತಶಾಸ್ತ್ರ ವಿಭಾಗವೊಂದನ್ನು ಕಟ್ಟಲು ಸಮರ್ಥರಾದವರನ್ನು ಅರಸುತ್ತಿತ್ತು. ಕುಲಪತಿಗಳಾಗಿದ್ದ ಡಾ. ಲಕ್ಷ್ಮಣಸ್ವಾಮಿ ಮುದಲಿಯಾರರಿಗೆ ರಾಮನ್ ಅವರು ಸೂಚಿಸಿದ ಹೆಸರು ರಾಮಚಂದ್ರನ್ ಅವರದು. ಆಗ ಅವರಿಗೆ ವಯಸ್ಸು ಇನ್ನೂ ಮೂವತ್ತು. ಹೊಸ ವಿಭಾಗ, ಹೊಸ ಪ್ರಯೋಗಶಾಲೆ. ಕೈಗೆತ್ತಿಕೊಳ್ಳಲು ಯೋಗ್ಯವಾದ ಸಮಸ್ಯೆ ಮಾತ್ರ ಬೇಕಾಗಿತ್ತು. ಆ ದಿನಗಳಲ್ಲಿ ಮದರಾಸಿಗೆ ಬಂದಿದ್ದ ಇಂಗ್ಲೆಂಡಿನ ಖ್ಯಾತ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ಯಾರೂ ಇನ್ನೂ ಸರಿಯಾಗಿ ಬಿಡಿಸಿಲ್ಲವೆಂದು ಮಾತಿನ ನಡುವೆ ತಿಳಿಸಿದರು. ರಾಮಚಂದ್ರನ್ ಅವರಿಗೆ ಬೇಕಾಗಿದ್ದ ಸಮಸ್ಯೆ ದೊರೆಯಿತು.

ಕೊಲಾಜೆನ್ ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಪ್ರೋಟೀನು. ಎಲುಬಿಗೆ ಕಸುವು, ಸ್ನಾಯುರಜ್ಜುವಿಗೆ ಬಿಗುವು, ಚರ್ಮಕ್ಕೆ ಗಟ್ಟಿತನ ಬಂದಿರುವುದು ಇದರಿಂದಲೇ. ಹದಮಾಡಿದ ತೊಗಲು ಚಪ್ಪಲಿಯಾಗಿ ವರ್ಷಗಟ್ಟಲೆ ಬಾಳುವುದೂ ಈ ಪ್ರೋಟೀನಿನ ನಾರುಗಳಿಂದಲೇ. ಆದುದರಿಂದ ಈ ಸಂಶೋಧನೆಗೆ ಬೇಕಾದ ಸಾಮಗ್ರಿ ನೆರೆಯಲ್ಲಿಯೇ ಇದ್ದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ದೊರೆಯಿತು. ಆ ಸಂಸ್ಥೆಯಿಂದ ಬಂದ ಕಾಂಗರೂ ಬಾಲದ ಸ್ನಾಯುರಜ್ಜುವಿನ ಮೇಲೆ ರಾಮಚಂದ್ರನ್ ಅವರೂ ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ ಅವರೂ ಕ್ಷ-ಕಿರಣಗಳನ್ನು ಹಾಯಿಸಿ ಚಿತ್ರಗಳನ್ನು ತೆಗೆದರು. ನಾರಿನ ಚಿತ್ರದಲ್ಲಿ ಚುಕ್ಕೆಗಳು ವಿರಳ. ಅವುಗಳಿಂದಷ್ಟೇ ರಚನೆಯನ್ನು ಹೇಳುವಂತಿರಲಿಲ್ಲ. ಇಲ್ಲಿ ರೇಖಾಗಣಿತದ ಸಂಸ್ಕಾರ ನೆರವಿಗೆ ಬಂದಿತು.

ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಮಣಿಗಳಲ್ಲಿ ಇಪ್ಪತ್ತು ಬಗೆ. ಕೊಲಾಜೆನ್‌ನಲ್ಲಿ ಪ್ರತಿ ಮೂರು ಮಣಿಗಳಲ್ಲಿ ಒಂದು, ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸೀನ್ ಆಗಿರುತ್ತದೆ. ಇದೇಕೆ ಹೀಗೆ ಎಂದು ರಾಮಚಂದ್ರನ್ ಯೋಚಿಸಿದರು. ಮೂರು ಸರಗಳು ಜಡೆಯಂತೆ ಒಂದನ್ನೊಂದು ಸುತ್ತಿಕೊಂಡಿದ್ದರೆ, ಪ್ರತಿಯೊಂದು ಸರದ ಮೂರನೆಯ ಮಣಿಯೂ ಒಳಗಿನ ಇಕ್ಕಟ್ಟಾದ ಜಾಗಕ್ಕೆ ಬರುತ್ತದೆ. ಅಲ್ಲಿ ಅತಿ ಚಿಕ್ಕ ಮಣಿಯಲ್ಲದೆ ಬೇರೊಂದು ಹಿಡಿಸದು. ಹೀಗೆ ಕೊಲಾಜೆನ್ ಮೂರೆಳೆಯ ಹುರಿ, ನಮ್ಮ ಹಳ್ಳಿಗಳ ಮುಪ್ಪುರಿ ಹಗ್ಗದಂತಹ ರಚನೆ ಎಂದು ಅವರು ನಿರ್ಣಯಿಸಿದರು. 1954ರಲ್ಲಿ ಈ ಸಂಶೋಧನೆಯ ಮೊದಲ ರೂಪವೂ, ಎಳೆಗಳು ಪರಸ್ಪರ ಹೊಸೆದುಕೊಂಡಿರುವ ತಿದ್ದಿದ ರೂಪವು 1955ರಲ್ಲಿಯೂ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದವು. ಸ್ವಾತಂತ್ರ್ಯ ಬಂದು ಇನ್ನೂ ಎಂಟು ವರ್ಷ ಕಳೆದಿರದ ದೇಶದ ಹೊಸ ಪ್ರಯೋಗಶಾಲೆಯೊಂದರಿಂದ, ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಶಾಲೆಗಳು ಹುಡುಕುತ್ತಿದ್ದ ಉತ್ತರ ಬಂದಿತು.

ಆದರೆ ಸಂತೋಷ ನಿರಾತಂಕವಾಗಿ ಉಳಿಯಲಿಲ್ಲ. ಡಿ.ಎನ್.ಎ. ರಚನೆಯಿಂದ ಪ್ರಖ್ಯಾತರಾಗಿದ್ದ ಫ್ರಾನ್ಸಿಸ್ ಕ್ರಿಕ್ ಅವರೂ ಅಲೆಕ್ಸಾಂಡರ್ ರಿಚ್ ಅವರೂ 1955ರಲ್ಲಿಯೇ ತಮ್ಮದೊಂದು ರಚನೆಯನ್ನು ಪ್ರಕಟಿಸಿದರು. ಮೂರೆಳೆಯ ಹುರಿಯೆಂಬುದನ್ನು ಅವರೂ ಒಪ್ಪಿದ್ದರು. ಆದರೆ ಮದರಾಸಿನವರ ರಚನೆಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಇರಬೇಕಾದುದಕ್ಕಿಂತ ಹತ್ತಿರ ಬಂದಿವೆ, ಎಳೆಗಳನ್ನು ಹಿಡಿದಿಡುವ ಬಂಧಗಳ ಎಣಿಕೆಯೂ ಸರಿಯಲ್ಲ ಎಂಬುದು ಅವರ ಆಕ್ಷೇಪ. ಆ ಹೆಸರುಗಳ ಮುಂದೆ ಮದರಾಸಿನ ಯುವ ಪ್ರಾಧ್ಯಾಪಕರ ಮಾತಿಗೆ ಬೆಲೆ ಸಿಗುವುದು ಸುಲಭವಾಗಿರಲಿಲ್ಲ. ಮುಂದಿನ ಕಾಲದ ಸೂಕ್ಷ್ಮ ಪರೀಕ್ಷೆಗಳು ಬಂಧಗಳ ಎಣಿಕೆಯಲ್ಲಿ ರಿಚ್ ಮತ್ತು ಕ್ರಿಕ್ ಅವರ ಕಡೆಗೇ ವಾಲಿದವು. ಮುಪ್ಪುರಿಯ ಮೂಲ ಕಲ್ಪನೆಯಾದರೋ ಮದರಾಸಿನದೇ ಆಗಿ ಸ್ಥಿರವಾಗಿ ನಿಂತಿತು.

ಇಂತಹ ಸಂದರ್ಭದಲ್ಲಿ ಮನುಷ್ಯರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ: ಕುಗ್ಗಿ ಸುಮ್ಮನಾಗುವುದು, ಇಲ್ಲವೇ ಸಿಟ್ಟಿನಿಂದ ವಾದಕ್ಕೆ ನಿಲ್ಲುವುದು. ಆಕ್ಷೇಪದಿಂದ ರಾಮಚಂದ್ರನ್ ಅವರು ನೊಂದರು ನಿಜ. ಆದರೆ ಅವರು ಹಿಡಿದುದು ಮೂರನೆಯ ದಾರಿ. ಪರಮಾಣುಗಳು ತೀರ ಹತ್ತಿರ ಬಂದಿವೆ ಎನ್ನುವುದಾದರೆ, ಎಷ್ಟು ಹತ್ತಿರ ಬರಬಹುದು ಎಂಬುದನ್ನು ಮೊದಲು ನಿರ್ಧರಿಸಿದವರು ಯಾರು? ಯಾರೂ ಇಲ್ಲ. ಹಾಗಾದರೆ ಅದನ್ನು ತಾವೇ ನಿರ್ಧರಿಸಬೇಕೆಂದು ಅವರು ಸಂಕಲ್ಪಿಸಿದರು. ಅದುವರೆಗೆ ತಿಳಿದಿದ್ದ ಚಿಕ್ಕ ಅಣುಗಳ ಸ್ಫಟಿಕ ರಚನೆಗಳನ್ನೆಲ್ಲ ಶಿಷ್ಯರೊಡನೆ ಪರಿಶೀಲಿಸಿ, ಯಾವ ಯಾವ ಪರಮಾಣುಗಳ ನಡುವೆ ಕನಿಷ್ಠ ಎಷ್ಟು ಅಂತರವಿದೆ ಎಂಬುದನ್ನು ಪಟ್ಟಿಮಾಡಿದರು. ಬಳಿಕ ಪ್ರೋಟೀನು ಸರದ ಕೀಲುಗಳು ಎಷ್ಟು ಬಗೆಯಲ್ಲಿ ತಿರುಗಬಲ್ಲವು ಎಂಬ ಲೆಕ್ಕಕ್ಕೆ ಕೈಹಾಕಿದರು. ಇಂದಿನಂತಹ ಕಂಪ್ಯೂಟರುಗಳು ಕೈಗೆಟುಕದ ಕಾಲವದು. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಎಂಬ ಶಿಷ್ಯರು ಈ ದೀರ್ಘವಾದ ಪರಿಶ್ರಮದಲ್ಲಿ ಅವರ ಜೊತೆಗಾರರಾದರು.

ಆ ಲೆಕ್ಕದ ಸ್ವರೂಪವನ್ನು ನಿಮ್ಮ ಕೈಯನ್ನೇ ನೋಡಿಕೊಂಡು ತಿಳಿಯಬಹುದು. ಮೊಣಕೈ ಒಂದು ಕಡೆಗೆ ಮಡಚುತ್ತದೆ, ಇನ್ನೊಂದು ಕಡೆಗೆ ಮಡಚುವುದಿಲ್ಲ. ಎಲುಬಿಗೆ ಎಲುಬು ಅಡ್ಡ ಬರುತ್ತದೆ. ಪ್ರೋಟೀನು ಸರದಲ್ಲಿಯೂ ಹೀಗೆಯೇ. ಒಂದೊಂದು ಅಮೈನೋ ಆಮ್ಲದ ಬಳಿಯಲ್ಲಿ ಸರವು ಎರಡು ಕೀಲುಗಳಲ್ಲಿ ತಿರುಗಬಲ್ಲದು. ಒಂದು ಕೀಲಿನ ಕೋನವನ್ನು ಗ್ರಾಫ್ ಹಾಳೆಯಲ್ಲಿ ಅಡ್ಡಲಾಗಿಯೂ, ಇನ್ನೊಂದು ಕೀಲಿನ ಕೋನವನ್ನು ಉದ್ದಕ್ಕೂ ಗುರುತಿಸೋಣ. ಆಗ ಹಾಳೆಯ ಪ್ರತಿಯೊಂದು ಬಿಂದುವೂ ಸರದ ಒಂದೊಂದು ಭಂಗಿಯಾಗುತ್ತದೆ. ಪರಮಾಣುವಿಗೆ ಪರಮಾಣು ಡಿಕ್ಕಿ ಹೊಡೆಯುವ ಭಂಗಿಗಳನ್ನೆಲ್ಲ ಅಳಿಸಿಹಾಕಿದರೆ ಹಾಳೆಯ ಬಹುಭಾಗ ಖಾಲಿಯಾಗಿ, ಸಮುದ್ರದ ನಡುವಣ ದ್ವೀಪಗಳಂತೆ ಕೆಲವೇ ಪ್ರದೇಶಗಳು ಉಳಿಯುತ್ತವೆ. ಪ್ರಕೃತಿಯಲ್ಲಿರುವ ಪ್ರೋಟೀನುಗಳ ಮಣಿಗಳು ಬಹುಮಟ್ಟಿಗೆ ಈ ದ್ವೀಪಗಳಲ್ಲಿಯೇ ವಾಸಿಸಬೇಕು. 1963ರಲ್ಲಿ ಪ್ರಕಟವಾದ ಈ ಚಿತ್ರವನ್ನು ವಿಜ್ಞಾನಲೋಕ ರಾಮಚಂದ್ರನ್ ನಕಾಶೆ ಎಂದು ಕರೆಯುತ್ತದೆ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಹೊಸದೊಂದು ಪ್ರೋಟೀನಿನ ರಚನೆಯನ್ನು ಕಂಡುಹಿಡಿದರೂ, ಅದು ಸರಿಯಾಗಿದೆಯೇ ಎಂದು ಈ ನಕಾಶೆಗೆ ಹೋಲಿಸಿ ನೋಡುವುದು ವಾಡಿಕೆಯಾಗಿದೆ. ಒಂದು ಆಕ್ಷೇಪಕ್ಕೆ ಕೊಡಹೊರಟ ಉತ್ತರ ಇಡೀ ಜೀವವಿಜ್ಞಾನಕ್ಕೆ ಅಳತೆಗೋಲಾಯಿತು.

1970ರಲ್ಲಿ ಅವರು ಮದರಾಸನ್ನು ಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರ ಆಹ್ವಾನದಂತೆ ಬೆಂಗಳೂರಿಗೆ ಮರಳಿ ಬಂದು, 1971ರಲ್ಲಿ ಅಲ್ಲಿ ಅಣು ಜೀವಭೌತಶಾಸ್ತ್ರ ಘಟಕವನ್ನು ಆರಂಭಿಸಿದರು. ವಿದ್ಯಾರ್ಥಿಯಾಗಿ ಬಂದಿಳಿದ ಆವರಣಕ್ಕೇ ಇಪ್ಪತ್ತೊಂಬತ್ತು ವರ್ಷಗಳ ಬಳಿಕ ಅವರು ಹೊಸ ವಿಭಾಗವೊಂದರ ಸ್ಥಾಪಕರಾದರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಂಬ ಗೋಡೆಗಳನ್ನು ಲೆಕ್ಕಿಸದೆ ಕೆಲಸ ಮಾಡುವ ತರುಣರ ಪರಂಪರೆಯೊಂದು ಅಲ್ಲಿ ಬೆಳೆಯಿತು. ಆ ಘಟಕ ಇಂದಿಗೂ ನಡೆಯುತ್ತಿದೆ.

ಅದೇ 1971ರಲ್ಲಿ ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಸೇರಿ ಇನ್ನೊಂದು ಮಹತ್ವದ ಪ್ರಬಂಧವನ್ನು ಪ್ರಕಟಿಸಿದರು. ಒಂದು ವಸ್ತುವನ್ನು ಹಲವು ದಿಕ್ಕುಗಳಿಂದ ತೆಗೆದ ನೆರಳಿನ ಚಿತ್ರಗಳಿಂದ ಅದರ ಒಳಗಿನ ರೂಪವನ್ನು ಮರಳಿ ಕಟ್ಟುವ ಸುಲಭವೂ ಶೀಘ್ರವೂ ಆದ ಗಣಿತ ಮಾರ್ಗ ಅದರಲ್ಲಿದೆ. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಯಂತ್ರಗಳಲ್ಲಿ ಈ ಬಗೆಯ ಲೆಕ್ಕವೇ ದಶಕಗಳ ಕಾಲ ಬಳಕೆಯಲ್ಲಿತ್ತು. ಅರ್ಬುದ ರೋಗವು ಚರ್ಮದಿಂದ ಹೊರಟು ಶ್ವಾಸಕೋಶಕ್ಕೋ ಯಕೃತ್ತಿಗೋ ಹರಡಿದೆಯೇ ಎಂದು ವೈದ್ಯರು ದೇಹವನ್ನು ಕೊಯ್ಯದೆಯೇ ನೋಡುವುದು ಇಂತಹ ಯಂತ್ರದಿಂದ. ಸಿ.ಟಿ. ಸ್ಕ್ಯಾನ್‌ಗಾಗಿ 1979ರಲ್ಲಿ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ರಾಮಚಂದ್ರನ್ ಅವರಿಗೆ ನೊಬೆಲ್ ದೊರೆಯಲಿಲ್ಲ. 1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಸ್ಫಟಿಕ ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟದ ಎವಾಲ್ಡ್ ಪ್ರಶಸ್ತಿ ಅವರಿಗೆ ಸಂದವು. ಅವರ ಬಾಳು ಹೊರಗಿನಿಂದ ಕಾಣುವಷ್ಟು ಸುಗಮವಾಗಿರಲಿಲ್ಲ. ಮನಸ್ಸಿನ ಕಾಯಿಲೆಯೊಂದು ಅವರನ್ನು ಆಗಾಗ ಆವರಿಸಿ ಕಾಡುತ್ತಿತ್ತು. ಅಂತಹ ದಿನಗಳಲ್ಲಿ ಪತ್ನಿ ರಾಜಲಕ್ಷ್ಮಿಯವರೇ ಅವರಿಗೆ ಊರುಗೋಲಾಗಿದ್ದರು. ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಯೂ ಯಾರಿಗಾದರೂ ಬರಬಹುದು. ಅದರಿಂದ ಒಬ್ಬನ ಬುದ್ಧಿಗಾಗಲಿ ಯೋಗ್ಯತೆಗಾಗಲಿ ಕುಂದಿಲ್ಲವೆಂಬುದಕ್ಕೆ ಅವರ ಜೀವನವೇ ಸಾಕ್ಷಿ. ನಂತರದ ವರ್ಷಗಳಲ್ಲಿ ಅವರು ತರ್ಕಶಾಸ್ತ್ರ ಮತ್ತು ಭಾರತೀಯ ದರ್ಶನಗಳ ಕಡೆಗೆ ಹೊರಳಿ, ಜೈನರ ಸ್ಯಾದ್ವಾದದಂತಹ ವಿಚಾರಗಳನ್ನು ಗಣಿತದ ಭಾಷೆಯಲ್ಲಿ ಹೇಳಲು ಯತ್ನಿಸಿದರು. 1998ರಲ್ಲಿ ಪತ್ನಿ ತೀರಿಕೊಂಡರು. ಕಂಪವಾತದಿಂದಲೂ ಬಳಲಿದ್ದ ರಾಮಚಂದ್ರನ್ 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಅವರು ತೀರಿಕೊಂಡ ಮರುವರ್ಷವೇ, ಅಂದರೆ 2002ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಚರ್ಮದ ಅರ್ಬುದದ ಬಗ್ಗೆ ಮಹತ್ವದ ಸಂಗತಿಯೊಂದನ್ನು ಪ್ರಕಟಿಸಿದರು. ಚರ್ಮದ ಅರ್ಬುದಗಳಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಅತ್ಯಂತ ಅಪಾಯಕಾರಿಯಾದುವುಗಳಲ್ಲಿ ಒಂದು ಮೆಲನೋಮ. ಇದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುತ್ತದೆ. ಹೊರಚರ್ಮದ ಕೆಳಗೆ, ಕೊಲಾಜೆನ್ ಮುಂತಾದುವುಗಳಿಂದ ನೇಯ್ದ ತೆಳುವಾದ ಪೊರೆಯೊಂದಿದೆ. ರೋಗದ ಕೋಶಗಳು ಆ ಪೊರೆಯನ್ನು ಭೇದಿಸುವ ಮೊದಲೇ ಕತ್ತರಿಸಿ ತೆಗೆದರೆ ರೋಗಿ ಬಹುಮಟ್ಟಿಗೆ ಪಾರಾದಂತೆಯೇ. ಪೊರೆಯನ್ನು ದಾಟಿ ಆಳಕ್ಕಿಳಿದಷ್ಟೂ ಅಪಾಯ ಹೆಚ್ಚು. ಅದಕ್ಕಾಗಿಯೇ ಗಂಟು ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎಂಬುದನ್ನು ಅಳೆದು ವೈದ್ಯರು ರೋಗದ ಮುಂದಿನ ಗತಿಯನ್ನು ಅಂದಾಜು ಮಾಡುತ್ತಾರೆ. ಆದರೆ ಒಂದೇ ಆಳದ ಗಂಟಿದ್ದ ಇಬ್ಬರಲ್ಲಿ ಒಬ್ಬರು ಗುಣವಾಗಿ, ಇನ್ನೊಬ್ಬರಲ್ಲಿ ರೋಗ ಮರುಕಳಿಸುವುದೂ ಉಂಟು. ಭೇದ ಎಲ್ಲಿದೆ ಎಂಬುದನ್ನು ತಿಳಿಯಲು ವಂಶವಾಹಿಗಳ ಬರಹವನ್ನು ಓದಬೇಕಾಯಿತು.

ಈ ಬರಹದಲ್ಲಿ ಇರುವುದು ನಾಲ್ಕೇ ಅಕ್ಷರಗಳು. ಅವನ್ನು ಎ, ಟಿ, ಜಿ, ಸಿ ಎಂದು ಕರೆಯುತ್ತಾರೆ. ಮನುಷ್ಯನ ಒಂದು ಕೋಶದಲ್ಲಿರುವ ವಂಶವಾಹಿಗಳ ಒಂದು ಪೂರ್ಣ ಪ್ರತಿಯಲ್ಲಿ ಇಂತಹ ಸುಮಾರು 300 ಕೋಟಿ ಅಕ್ಷರಗಳಿವೆ. ಮೂರು ಮೂರು ಅಕ್ಷರಗಳ ಒಂದೊಂದು ಪದವೂ ಪ್ರೋಟೀನು ಸರಕ್ಕೆ ಯಾವ ಮಣಿಯನ್ನು ಪೋಣಿಸಬೇಕೆಂದು ಹೇಳುತ್ತದೆ. ಕನ್ನಡದಲ್ಲಿ ಹಾಲು ಎಂದು ಬರೆಯಬೇಕಾದಲ್ಲಿ ಹಾಳು ಎಂದು ಬರೆದರೆ ಏನಾಗುತ್ತದೆಂಬುದು ನಿಮಗೆ ತಿಳಿದೇ ಇದೆ. ಬಿ-ರಾಫ್ ಎಂಬ ವಂಶವಾಹಿಯಲ್ಲಿಯೂ ಇಂತಹುದೇ ತಪ್ಪೊಂದು ಸಿಕ್ಕಿತು. ಒಂದೆಡೆ ಟಿ ಇರಬೇಕಾದಲ್ಲಿ ಎ ಬಂದಿತ್ತು. ಅದರ ಫಲವಾಗಿ 766 ಮಣಿಗಳ ಪ್ರೋಟೀನಿನಲ್ಲಿ 600ನೆಯ ಮಣಿ ವ್ಯಾಲೀನ್ ಆಗುವ ಬದಲು ಗ್ಲುಟಾಮಿಕ್ ಆಮ್ಲವಾಗಿತ್ತು. ಬಿ-ರಾಫ್ ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಗುಂಡಿಯಂತಹ ಪ್ರೋಟೀನು. ಅಗತ್ಯ ಬಿದ್ದಾಗ ಹತ್ತಿಕೊಂಡು, ಬೇಡವಾದಾಗ ಆರುತ್ತದೆ. ಈ ಒಂದು ಮಣಿ ಬದಲಾದ ಮೇಲೆ ಗುಂಡಿ ಆರುವುದೇ ಇಲ್ಲ. ಕೋಶ ಎಡೆಬಿಡದೆ ಬೆಳೆಯುತ್ತದೆ. ಪಾಶ್ಚಾತ್ಯ ದೇಶಗಳ ಮೆಲನೋಮ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಬಿ-ರಾಫ್‌ನ ದೋಷ ಕಾಣುತ್ತದೆ.

ತಪ್ಪು ಅಕ್ಷರವನ್ನು ಓದಿದ್ದಾಯಿತು. ಅದು ಗುಂಡಿಯನ್ನು ಹೇಗೆ ಸಿಕ್ಕಿಸಿತು ಎಂಬುದನ್ನು ತಿಳಿಸಿದ್ದು ಕ್ಷ-ಕಿರಣಗಳಿಂದ ಕಂಡುಕೊಂಡ ಆ ಪ್ರೋಟೀನಿನ ಆಕಾರ. ಆಕಾರ ತಿಳಿದ ಬಳಿಕ ಬೀಗಕ್ಕೆ ತಕ್ಕ ಕೀಲಿಕೈ ಮಾಡುವಂತೆ, ಅದರ ಸಂದಿಯಲ್ಲಿ ಕೂಡುವ ಔಷಧದ ಅಣುವನ್ನು ರೂಪಿಸಿದರು. ವೆಮುರಾಫೆನಿಬ್ ಎಂಬ ಆ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ತಪ್ಪು ಇರುವ ರೋಗಿಗೆ ಮಾತ್ರ ಅದನ್ನು ಕೊಡತಕ್ಕದ್ದು. ಆದುದರಿಂದ ಮೊದಲು ಅಕ್ಷರಗಳನ್ನು ಓದಲೇಬೇಕು. ಆದರೂ ಅನೇಕರಲ್ಲಿ ಕೆಲವು ತಿಂಗಳುಗಳ ಬಳಿಕ ರೋಗ ಬೇರೊಂದು ದಾರಿ ಹಿಡಿದು ಮತ್ತೆ ತಲೆಯೆತ್ತುತ್ತದೆ. ಆಗ ಮತ್ತೊಮ್ಮೆ ಓದಿ, ಹೊಸ ತಪ್ಪು ಯಾವುದೆಂದು ಹುಡುಕಬೇಕಾಗುತ್ತದೆ. ಅಕ್ಷರಗಳ ಓದಿನಿಂದ ದೊರೆಯುವ ಮುನ್ಸೂಚನೆ ಜಾತಕದ ಭವಿಷ್ಯವಲ್ಲ. ಮಳೆಯ ಮುನ್ಸೂಚನೆಯಂತೆ, ಸಾಕ್ಷ್ಯಗಳ ಮೇಲೆ ನಿಂತ ಅಂದಾಜು. ಸಾಕ್ಷ್ಯ ಹೆಚ್ಚಿದಂತೆ ಅಂದಾಜು ಸರಿಯಾಗುತ್ತದೆ.

2010ರಲ್ಲಿ ಮೆಲನೋಮದ ಕೋಶವೊಂದರ ಇಡೀ ಬರಹವನ್ನು ಓದಿ ಪ್ರಕಟಿಸಿದಾಗ ಅದರಲ್ಲಿ 33,000ಕ್ಕಿಂತ ಹೆಚ್ಚು ಅಕ್ಷರದೋಷಗಳು ಕಂಡವು. ಅವುಗಳಲ್ಲಿ ಬಹುಪಾಲು ಸಿ ಇದ್ದಲ್ಲಿ ಟಿ ಬಂದವು. ಬಿಸಿಲಿನ ಅತಿನೇರಳೆ ಕಿರಣಗಳು ಬಿಟ್ಟುಹೋದ ಗುರುತು ಅದು. ಬಿಳಿಯ ಚರ್ಮದವರಿಗೆ ಬಿಸಿಲು ಈ ರೋಗದ ದೊಡ್ಡ ಕಾರಣ. ನಮ್ಮ ಜನರ ಚರ್ಮದಲ್ಲಿರುವ ಬಣ್ಣ ಕೊಡೆಯಂತೆ ಕಾಯುವುದರಿಂದ ಮೆಲನೋಮ ನಮ್ಮಲ್ಲಿ ವಿರಳ. ಆದರೆ ಬಂದಾಗ ಅದು ಅಂಗಾಲು, ಅಂಗೈ, ಉಗುರಿನ ಅಡಿ ಮುಂತಾದ ಬಿಸಿಲು ಕಾಣದ ಜಾಗಗಳಲ್ಲಿ ಬರುವುದು ಹೆಚ್ಚು. ಆಣಿಯೆಂದೋ ಮುಳ್ಳು ತಗುಲಿದ ಗಾಯವೆಂದೋ ಉಪೇಕ್ಷಿಸುವುದರಿಂದ ಬಹು ತಡವಾಗಿ ಪತ್ತೆಯಾಗುತ್ತದೆ. ಈ ಬಗೆಯಲ್ಲಿ ಬಿ-ರಾಫ್‌ನ ದೋಷ ಕಡಿಮೆ. ಬೇರೆ ವಂಶವಾಹಿಗಳ ದೋಷಗಳು ಹೆಚ್ಚು. ಹಿರಿಯರ ಅಂಗಾಲಿನಲ್ಲಿ ಕಪ್ಪು ಮಚ್ಚೆ ಹರಡುತ್ತಿದ್ದರೆ ಅಥವಾ ಗಾಯ ಮಾಯದಿದ್ದರೆ ವೈದ್ಯರಿಗೆ ತೋರಿಸುವಂತೆ ನೀವು ಹೇಳಬಹುದು.

ಪರದೇಶದವರ ಬರಹವನ್ನು ಓದಿ ಪಡೆದ ಜ್ಞಾನ ನಮ್ಮ ರೋಗಿಗಳಿಗೆ ಪೂರ್ತಿಯಾಗಿ ಒದಗದು. ನಮ್ಮ ಜನರ ಬರಹವನ್ನು ನಾವೇ ಓದಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ ದೇಶದ ಸುಮಾರು ಇಪ್ಪತ್ತು ಸಂಸ್ಥೆಗಳು ಸೇರಿ, 10,000 ಭಾರತೀಯರ ವಂಶವಾಹಿಗಳನ್ನು ಓದಿದವು; ಆ ಸಂಗ್ರಹ 2025ರ ಜನವರಿಯಲ್ಲಿ ಸಂಶೋಧಕರ ಬಳಕೆಗೆ ತೆರೆಯಿತು. ಇದು ಆರೋಗ್ಯವಂತರ ಬರಹ. ರೋಗದ ಅಕ್ಷರ ಯಾವುದು, ನಮ್ಮವರಲ್ಲಿ ಸಹಜವಾಗಿಯೇ ಇರುವ ಅಕ್ಷರ ಯಾವುದು ಎಂದು ವಿಂಗಡಿಸಲು ಇಂತಹ ಸಂಗ್ರಹ ನೆರವಾಗುತ್ತದೆ. ವೈಟ್‌ಫೀಲ್ಡ್‌ನ ಜೈವಿಕ ಮಾಹಿತಿ ಸಂಸ್ಥೆಯ ತರುಣ ವಿಜ್ಞಾನಿಗಳು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದೊಡನೆ ಸೇರಿ ಮನುಷ್ಯದೇಹದ ಪ್ರೋಟೀನುಗಳ ಕರಡು ನಕಾಶೆಯನ್ನು 2014ರಲ್ಲಿ ಪ್ರಕಟಿಸಿದರು. ಎಲೆಕ್ಟ್ರಾನಿಕ್ ಸಿಟಿಯ ಸಂಸ್ಥೆಯೊಂದರಲ್ಲಿ ವಿದ್ಯಾರ್ಥಿಗಳು ಜೀವಿಗಳ ಅಕ್ಷರಗಳನ್ನು ಕಂಪ್ಯೂಟರಿನಿಂದ ಓದುವ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಅಕ್ಷರಮಾಲೆಯಿಂದಲೇ ಪ್ರೋಟೀನಿನ ಆಕಾರವನ್ನು ಊಹಿಸುವ ಕಂಪ್ಯೂಟರ್ ವಿಧಾನಕ್ಕೆ 2024ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ಆ ಯಂತ್ರ ಊಹಿಸಿದ ಆಕಾರವನ್ನು ಒರೆಹಚ್ಚಿ ನೋಡುವುದಕ್ಕೂ 1963ರ ಅದೇ ನಕಾಶೆ ಬೇಕು.

ರಾಮಚಂದ್ರನ್ ಅವರು ಅರ್ಬುದ ರೋಗದ ವೈದ್ಯರಲ್ಲ. ವಂಶವಾಹಿಗಳನ್ನು ಓದಿದವರೂ ಅಲ್ಲ. ಕಾಂಗರೂವಿನ ಬಾಲದ ನಾರೊಂದು ಹೇಗೆ ಹೊಸೆದುಕೊಂಡಿದೆ ಎಂಬ ಪ್ರಶ್ನೆಯನ್ನು ಅವರು ಕೈಗೆತ್ತಿಕೊಂಡಾಗ ಅದರಿಂದ ಯಾರಿಗೆ ಏನು ಪ್ರಯೋಜನವೆಂದು ಕೇಳಿದ್ದರೆ ಉತ್ತರ ಸುಲಭವಾಗಿರುತ್ತಿರಲಿಲ್ಲ. ಅವರು ಮಾಡಿದುದಿಷ್ಟೇ: ತಮ್ಮ ಕೆಲಸದಲ್ಲಿ ತಪ್ಪಿದೆಯೆಂದು ಲೋಕಪ್ರಸಿದ್ಧರು ಹೇಳಿದಾಗ, ಸರಿ ಯಾವುದು ತಪ್ಪು ಯಾವುದು ಎಂದು ಅಳೆಯುವ ಕೋಲನ್ನೇ ಮಾಡಲು ಹೊರಟರು. ಅಂಗಾಲಿನ ಕಪ್ಪು ಮಚ್ಚೆಯೊಂದರ ಚೂರು ಇಂದು ಪ್ರಯೋಗಶಾಲೆಯ ಮೇಜಿನ ಮೇಲೆ ಬಂದು ಕುಳಿತಾಗ, ಆ ರೋಗಿಯ ನಾಳಿನ ದಿನಗಳ ಲೆಕ್ಕದಲ್ಲಿ ಈ ಕೋಲಿನ ಅಳತೆಯೂ ಸೇರಿರುತ್ತದೆ.